ಸಾಸಿವೆ ಡಬ್ಬಿಗೊಂದು ಇಂಗ್ಲಿಷ್ ಹೆಸರು

ದುಡ್ಡು ಮಾಡುವುದು ಹೇಗೆಂದು ಹೇಳಿಕೊಡುವ ಪುಸ್ತಕಗಳು ನಮ್ಮಲ್ಲಿ ಹೊಸವೇನಲ್ಲ. ಬಸ್ ನಿಲ್ದಾಣದ ಅಂಗಡಿಗಳಲ್ಲಿ ಪಂಚಾಂಗ, ರಂಗೋಲಿ ಪುಸ್ತಕ, ಮಗುವಿಗೆ ಹೆಸರಿಡುವ ಪುಸ್ತಕಗಳ ಪಕ್ಕದಲ್ಲಿ ಅವೂ ನೇತಾಡಿಕೊಂಡಿರುತ್ತಿದ್ದವು. ಈಗ ಇಪ್ಪತ್ತು ವರ್ಷಗಳಿಂದೀಚೆಗೆ ಅವುಗಳ ಜೊತೆಗೆ ಇನ್ನೊಂದು ಬಗೆ ಬಂದು ಕುಳಿತಿದೆ. ದುಡ್ಡಿನ ವಿಷಯದಲ್ಲಿ ಮನುಷ್ಯ ಯಾಕೆ ಎಡವುತ್ತಾನೆ ಎಂದು ಹೇಳುವ ಪುಸ್ತಕಗಳು ಅವು. ಬರೆದವರು ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳ ಪ್ರಾಧ್ಯಾಪಕರು, ಕೆಲವರು ನೊಬೆಲ್ ಬಹುಮಾನ ಪಡೆದವರು. ಈ ವಿದ್ಯೆಗೆ ಅವರು ವರ್ತನಾ ಅರ್ಥಶಾಸ್ತ್ರ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ. ತಿಂಗಳ ಮೊದಲ ವಾರ ಧಾರಾಳವಾಗಿ ಖರ್ಚು ಮಾಡಿ ಕೊನೆಯ ವಾರ ಕೊತ್ತಂಬರಿ ಸೊಪ್ಪಿಗೂ ಚೌಕಾಸಿ ಮಾಡುತ್ತೇವಲ್ಲ, ಅದು ಯಾಕೆ ಹಾಗೆ ಎಂದು ಕೇಳುವ ಶಾಸ್ತ್ರ, ಅಷ್ಟೆ.

ನಾನು ಪಾಠ ಹೇಳುವ ಪಾಲಾರ್, ಮಲೆ ಮಹದೇಶ್ವರ ಬೆಟ್ಟದಿಂದ ಮೆಟ್ಟೂರಿನ ಕಡೆಗೆ ಇಳಿಯುವ ದಾರಿಯ ಗಡಿಯೂರು. ಹೊಳೆ ದಾಟಿದರೆ ತಮಿಳುನಾಡು. ಪತ್ರಿಕೆ ಓದುವವರಿಗೆ ಈ ಹೆಸರು ಗೊತ್ತಿರುವುದು ವೀರಪ್ಪನ್ ಕಾಲದಿಂದ, ಪುಸ್ತಕಗಳಿಂದಲ್ಲ. ಪುಸ್ತಕದಂಗಡಿ ಎಂದರೆ ಕೊಳ್ಳೇಗಾಲಕ್ಕೇ ಹೋಗಬೇಕು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ ಹಬ್ಬಕ್ಕೆ ಬಂದಾಗಲೆಲ್ಲ ಇಂಥದೊಂದು ಪುಸ್ತಕ ತಂದು, ಅರ್ಧ ಓದಿ, ಬಿಟ್ಟು ಹೋಗುತ್ತಾನೆ. ಉಳಿದರ್ಧ ನನ್ನ ಪಾಲಿಗೆ. ಹೀಗೆ ಒಂದು ಕಪಾಟಿನ ಮೇಲ್ತಟ್ಟು ತುಂಬಿತು. ಬಿ.ಎ.ಯಲ್ಲಿ ನನಗೆ ಅರ್ಥಶಾಸ್ತ್ರ ಒಂದು ವಿಷಯವಾಗಿತ್ತು. ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮವನ್ನು ಬಾಯಿಪಾಠ ಮಾಡಿದವಳು ನಾನು. ಆ ಪಾಠಗಳಲ್ಲಿ ಬರುತ್ತಿದ್ದ ಮನುಷ್ಯ ಪ್ರತಿಯೊಂದನ್ನೂ ಲೆಕ್ಕ ಹಾಕಿ, ತನಗೆ ಲಾಭವಾದದ್ದನ್ನೇ ಆರಿಸಿಕೊಳ್ಳುವಾತ. ಅಂಥವನನ್ನು ನಾನು ಇಷ್ಟು ವರ್ಷಗಳಲ್ಲಿ ಒಬ್ಬನನ್ನೂ ನೋಡಲಿಲ್ಲ. ಆದ್ದರಿಂದಲೇ, ಆ ಮನುಷ್ಯ ಇಲ್ಲವೇ ಇಲ್ಲ ಎಂದು ಹೇಳುವ ಈ ಪುಸ್ತಕಗಳನ್ನು ಕುತೂಹಲದಿಂದ ಓದಿದೆ.

ಇವುಗಳಲ್ಲಿ ಮೊದಲು ಹೇಳಬೇಕಾದದ್ದು ಡೇನಿಯಲ್ ಕಾಹ್ನೆಮನ್ನರ ‘ಥಿಂಕಿಂಗ್, ಫಾಸ್ಟ್ ಅಂಡ್ ಸ್ಲೋ’, 2011ರಲ್ಲಿ ಬಂದದ್ದು. ಇವರು ಮನಶ್ಶಾಸ್ತ್ರಜ್ಞರು. 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. 2024ರಲ್ಲಿ ತೀರಿಕೊಂಡರು. ನಮ್ಮ ತಲೆಯಲ್ಲಿ ಎರಡು ಬಗೆಯ ಯೋಚನೆ ನಡೆಯುತ್ತದೆ, ಒಂದು ಥಟ್ಟನೆ ಉತ್ತರ ಕೊಡುವುದು, ಇನ್ನೊಂದು ಕುಳಿತು ಲೆಕ್ಕ ಹಾಕುವುದು ಎಂಬುದು ಅವರ ಪುಸ್ತಕದ ಸಾರ. ಅವರೊಂದು ಪ್ರಸಿದ್ಧ ಪ್ರಶ್ನೆ ಕೇಳುತ್ತಾರೆ. ಅದನ್ನು ನಮ್ಮ ದುಡ್ಡಿಗೆ ಇಳಿಸಿ ಹೇಳುತ್ತೇನೆ. ಬ್ಯಾಟು ಚೆಂಡು ಎರಡೂ ಸೇರಿ 110 ರೂಪಾಯಿ. ಬ್ಯಾಟಿನ ಬೆಲೆ ಚೆಂಡಿಗಿಂತ 100 ರೂಪಾಯಿ ಹೆಚ್ಚು. ಚೆಂಡಿಗೆಷ್ಟು? ನೀವು ಹತ್ತು ಅಂದಿರಿ ತಾನೆ? ನಮ್ಮ ಸ್ಟಾಫ್ ರೂಮಿನಲ್ಲೂ ಹೆಚ್ಚಿನವರು ಹತ್ತೇ ಅಂದರು. ಐದು ಎಂಬುದು ಸರಿಯುತ್ತರ. ಚೆಂಡು 5, ಬ್ಯಾಟು 105. ಗಣಿತ ಬರದೆ ತಪ್ಪಿದ್ದಲ್ಲ, ಅವಸರದಲ್ಲಿ ತಪ್ಪಿದ್ದು.

ಕಾಹ್ನೆಮನ್ನರು ತಮ್ಮ ಗೆಳೆಯ ಅಮೋಸ್ ಟ್ವೆರ್ಸ್ಕಿಯವರ ಜೊತೆಗೂಡಿ 1979ರಲ್ಲಿ ಹೇಳಿದ ಇನ್ನೊಂದು ಮಾತೂ ನಮಗೆ ಬೇಕಾದದ್ದೇ. ನೂರು ರೂಪಾಯಿ ಸಿಕ್ಕ ಸಂತೋಷಕ್ಕಿಂತ ನೂರು ರೂಪಾಯಿ ಕಳೆದುಹೋದ ಸಂಕಟ ದೊಡ್ಡದು ಎಂದು. ಬಸ್ಸಿನಲ್ಲಿ ಪರ್ಸು ಕಳೆದುಕೊಂಡ ಯಾರನ್ನಾದರೂ ಕೇಳಿ ನೋಡಿ. ಆ ತಿಂಗಳು ಬಂದ ಬೋನಸ್ಸು ಅವಳಿಗೆ ನೆನಪಿರುವುದಿಲ್ಲ, ಪರ್ಸು ನೆನಪಿರುತ್ತದೆ. ಪುಸ್ತಕದ ಎಲ್ಲ ಅಧ್ಯಾಯಗಳೂ ಹೀಗೆ ಗಟ್ಟಿಯಾಗಿಲ್ಲ. ಒಂದು ಮಾತು ಕಣ್ಣಿಗೆ ಬಿದ್ದ ಮಾತ್ರಕ್ಕೆ ಮನುಷ್ಯನ ನಡಿಗೆ ಬದಲಾಗುತ್ತದೆ ಎಂಬಂಥ ಪ್ರಯೋಗಗಳ ಅಧ್ಯಾಯವೊಂದಿದೆ. ಅಂಥ ಪ್ರಯೋಗಗಳನ್ನು ಬೇರೆಯವರು ಮತ್ತೆ ಮಾಡಿ ನೋಡಿದಾಗ ಹಲವು ನಿಲ್ಲಲಿಲ್ಲ. ಸಣ್ಣ ಅಧ್ಯಯನಗಳನ್ನು ತಾವು ಅತಿಯಾಗಿ ನಂಬಿದೆವೆಂದು ಕಾಹ್ನೆಮನ್ನರೇ 2017ರಲ್ಲಿ ಒಪ್ಪಿಕೊಂಡರು. ನೊಬೆಲ್ ಬಂದ ಮೇಲೆ ಹೀಗೆ ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ. ಇನ್ನೊಬ್ಬ ಜನಪ್ರಿಯ ಲೇಖಕ ಡ್ಯಾನ್ ಏರಿಯಲಿಯವರೂ ಸಹಲೇಖಕರೂ ಸೇರಿ 2012ರಲ್ಲಿ ಪ್ರಕಟಿಸಿದ ಪ್ರಬಂಧವೊಂದನ್ನು 2021ರಲ್ಲಿ ಹಿಂತೆಗೆದುಕೊಳ್ಳಬೇಕಾಯಿತು. ಆ ಪ್ರಬಂಧದ ವಿಷಯವೇ ಪ್ರಾಮಾಣಿಕತೆ. ನಗು ಬಂದರೆ ನಕ್ಕುಬಿಡಿ. ಆದರೆ ಮುನ್ನುಡಿಯಲ್ಲಿ ವಿಶ್ವವಿದ್ಯಾಲಯದ ಹೆಸರಿದ್ದ ಮಾತ್ರಕ್ಕೆ ಎಲ್ಲವನ್ನೂ ವೇದವಾಕ್ಯ ಮಾಡಿಕೊಳ್ಳಬೇಡಿ ಎಂಬುದನ್ನು ನೆನಪಿಡಿ.

ಇನ್ನು ರಿಚರ್ಡ್ ಥೇಲರ್. ಇವರಿಗೆ 2017ರಲ್ಲಿ ನೊಬೆಲ್ ಬಂತು. ಮನುಷ್ಯರು ದುಡ್ಡನ್ನು ಒಂದೇ ರಾಶಿಯಾಗಿ ನೋಡುವುದಿಲ್ಲ, ಮನಸ್ಸಿನಲ್ಲಿ ಬೇರೆಬೇರೆ ಖಾತೆ ತೆರೆದು ಇಡುತ್ತಾರೆ ಎಂಬುದು ಇವರು ಕಂಡುಹಿಡಿದದ್ದು. ಇದನ್ನು ಓದಿ ನಾನು ಪುಸ್ತಕ ಮಡಿಸಿ ಜೋರಾಗಿಯೇ ನಕ್ಕೆ. ಸಾಸಿವೆ ಡಬ್ಬಿಗೆ ಕೊನೆಗೂ ಒಂದು ಇಂಗ್ಲಿಷ್ ಹೆಸರು ಬಂತಲ್ಲ ಎಂದು. ನಮ್ಮ ಅಜ್ಜಿಯರ ಕಾಲದಿಂದ ಸಾಸಿವೆ ಡಬ್ಬಿಯಲ್ಲಿ ಹಾಲಿನವನ ದುಡ್ಡು, ಮೆಂತ್ಯದ ಡಬ್ಬಿಯಲ್ಲಿ ಮಗಳ ಬಳೆಯ ದುಡ್ಡು, ಸೀರೆಗಳ ಮಡಿಕೆಯಲ್ಲಿ ಆಪತ್ತಿನ ದುಡ್ಡು. ನಮ್ಮ ಬೆಟ್ಟದ ಕಡೆ ಇದಕ್ಕೊಂದು ದೈವದ ಕಾವಲೂ ಇದೆ. ಮಾದಪ್ಪನಿಗೆ ಹರಕೆ ಹೊತ್ತವರು ಅರಿಶಿನದ ಬಟ್ಟೆಯಲ್ಲಿ ಮುಡುಪು ಕಟ್ಟಿಡುತ್ತಾರೆ. ಮನೆಯಲ್ಲಿ ಎಷ್ಟೇ ಕಷ್ಟವಾದರೂ ಆ ಗಂಟಿಗೆ ಕೈಹಾಕುವುದಿಲ್ಲ. ಫಿಲಿಪ್ಪೀನ್ಸ್ ದೇಶದ ಬ್ಯಾಂಕೊಂದರಲ್ಲಿ, ತಾವೇ ಗೊತ್ತು ಮಾಡಿಕೊಂಡ ದಿನ ಅಥವಾ ಮೊತ್ತದವರೆಗೆ ಹಣ ತೆಗೆಯಲಾಗದಂಥ ಖಾತೆ ಕೊಟ್ಟಾಗ ಜನ ಹೆಚ್ಚು ಉಳಿಸಿದರು ಎಂದು 2006ರ ಅಧ್ಯಯನವೊಂದು ತೋರಿಸಿತು. ಮುಡುಪು ಅಂದರೆ ಅದೇ ತಾನೆ? ಅಲ್ಲಿ ಬ್ಯಾಂಕಿನ ಮ್ಯಾನೇಜರು, ಇಲ್ಲಿ ಮಾದಪ್ಪ.

ಆದರೆ ನನ್ನ ತಕರಾರು ಶುರುವಾಗುವುದೂ ಇಲ್ಲಿಂದಲೇ. ಈ ಶಾಸ್ತ್ರದ ಪ್ರಕಾರ ಡಬ್ಬಿಗಳನ್ನು ಬೇರೆಬೇರೆ ಇಡುವುದು ಒಂದು ದೌರ್ಬಲ್ಯ. ರೂಪಾಯಿಗೆ ಜಾತಿಯಿಲ್ಲ, ಯಾವ ಡಬ್ಬಿಯ ರೂಪಾಯಿಯೂ ಒಂದೇ. ಒಂದು ಕಡೆ ದುಡ್ಡು ಕೂಡಿಟ್ಟು, ಇನ್ನೊಂದು ಕಡೆ ಬಡ್ಡಿಗೆ ಸಾಲ ತರುವುದು ತರ್ಕಕ್ಕೆ ಹೊಂದುವುದಿಲ್ಲ. ಕಾಗದದ ಮೇಲೆ ಇದು ಸರಿಯೇ. ನನ್ನ ಶಾಲೆಯ ಒಬ್ಬ ಹುಡುಗನ ತಾಯಿಯ ಬಳಿ ಒಮ್ಮೆ ಹೀಗೆಯೇ ಮಾತು ಬಂತು. ಸರ್ಕಾರದ ಗೃಹಲಕ್ಷ್ಮಿಯ ಎರಡು ಸಾವಿರ ಬಂದ ತಿಂಗಳೂ ಆಕೆ ಬಡ್ಡಿಗೆ ಸಾಲ ತಂದಿದ್ದಳು. ಆ ಎರಡು ಸಾವಿರ ಯಾಕೆ ತೆಗೆಯಲಿಲ್ಲ ಎಂದು ಕೇಳಿದ್ದಕ್ಕೆ, “ಮನೇಲಿ ಕಾಸದ ಅಂತ ಗೊತ್ತಾದ್ರ ಉಳ್ದದಾ ಟೀಚರಮ್ಮ?” ಅಂದಳು. ಸಾಲ ತಂದರೆ ಮನೆಯಲ್ಲಿ ದುಡ್ಡಿಲ್ಲ ಎಂದು ಗಂಡ ನಂಬುತ್ತಾನೆ. ಬಡ್ಡಿ ಎಂಬುದು ಅವಳ ಲೆಕ್ಕದಲ್ಲಿ ಆ ಗುಟ್ಟಿಗೆ ಕಟ್ಟುವ ಕಾವಲು ಕೂಲಿ. ಇದನ್ನು ದೌರ್ಬಲ್ಯ ಎನ್ನೋಣವೇ? ತಲೆಯಲ್ಲಿ ತಪ್ಪಿಲ್ಲ, ಮನೆಯಲ್ಲಿ ತಪ್ಪಿದೆ. ಕೀನ್ಯಾ ದೇಶದಲ್ಲಿ ಪಾಸ್ಕಲಿನ್ ಡ್ಯೂಪಾ ಮತ್ತು ಜೊನಾಥನ್ ರಾಬಿನ್ಸನ್ ಎಂಬಿಬ್ಬರು ಸಂತೆಯಲ್ಲಿ ವ್ಯಾಪಾರ ಮಾಡುವ ಹೆಂಗಸರಿಗೆ ಬ್ಯಾಂಕ್ ಖಾತೆ ತೆರೆಸಿಕೊಟ್ಟರು. ಬಡ್ಡಿ ಇಲ್ಲ, ಹಣ ತೆಗೆದರೆ ಮೇಲಿಷ್ಟು ಶುಲ್ಕ ಬೇರೆ. ಆದರೂ ಹೆಂಗಸರು ಅಲ್ಲಿ ದುಡ್ಡಿಟ್ಟರು, ವ್ಯಾಪಾರಕ್ಕೆ ಹೆಚ್ಚು ಬಂಡವಾಳ ಹಾಕಿದರು. ಮನೆಯಿಂದ ಹೊರಗೆ ದುಡ್ಡಿಡಲು ಒಂದು ಜಾಗ ಸಿಕ್ಕಿದ್ದೇ ಅವರಿಗೆ ಲಾಭ. ಈ ಮಾತನ್ನು ಪುಸ್ತಕಗಳು ಹೇಳದೆ ಇಲ್ಲ, ಆದರೆ ಅಧ್ಯಾಯದ ಕೊನೆಗೆ, ಉಪ್ಪಿನಕಾಯಿ ಬಡಿಸಿದ ಹಾಗೆ ಹೇಳುತ್ತವೆ. ನಮಗೆ ಅದೇ ಊಟ.

ಥೇಲರ್ ಅವರು ಕ್ಯಾಸ್ ಸನ್‌ಸ್ಟೀನ್ ಜೊತೆ 2008ರಲ್ಲಿ ಬರೆದ ‘ನಡ್ಜ್’ ಎಂಬ ಪುಸ್ತಕ ಸರ್ಕಾರಗಳಿಗೂ ಪ್ರಿಯವಾಯಿತು. ನಡ್ಜ್ ಎಂದರೆ ಮೊಣಕೈಯಿಂದ ಮೆಲ್ಲಗೆ ತಿವಿಯುವುದು. ಬಲವಂತ ಮಾಡಬೇಡಿ, ದಂಡ ಹಾಕಬೇಡಿ, ಆಯ್ಕೆಯನ್ನು ಜೋಡಿಸಿಡುವ ರೀತಿ ಬದಲಿಸಿ, ಜನ ತಾವಾಗಿಯೇ ಒಳ್ಳೆಯದನ್ನು ಆರಿಸುತ್ತಾರೆ ಎಂಬುದು ಅದರ ಸೂತ್ರ. ಶಾಲೆಯ ಕ್ಯಾಂಟೀನಿನಲ್ಲಿ ಹಣ್ಣನ್ನು ಮಕ್ಕಳ ಕಣ್ಣಿನ ಮಟ್ಟಕ್ಕಿಟ್ಟರೆ ಹಣ್ಣು ತೆಗೆದುಕೊಳ್ಳುತ್ತಾರೆ. ಆಮ್‌ಸ್ಟರ್‌ಡ್ಯಾಮಿನ ವಿಮಾನ ನಿಲ್ದಾಣದಲ್ಲಿ ಗಂಡಸರ ಮೂತ್ರಿಯೊಳಗೆ ಒಂದು ನೊಣದ ಚಿತ್ರ ಬಿಡಿಸಿದರು, ಗುರಿ ಸಿಕ್ಕಿದ್ದೇ ತಡ ನೆಲ ಗಲೀಜಾಗುವುದು ಕಡಿಮೆಯಾಯಿತು. ಓದಲು ಖುಷಿಯಾಗುವ ಪುಸ್ತಕ, ಅನುಮಾನವಿಲ್ಲ. ಆದರೆ ಹಣ್ಣನ್ನು ಕಣ್ಣಿನ ಮಟ್ಟಕ್ಕೆ ಇಡುವ ಕ್ಯಾಂಟೀನಿಗಿಂತ ಎಷ್ಟೋ ಮೊದಲೇ ನಮ್ಮ ಕಿರಾಣಿ ಅಂಗಡಿಯವನು ಚಾಕೊಲೇಟಿನ ಬಾಟಲನ್ನು ಮಕ್ಕಳ ಕಣ್ಣಿನ ಮಟ್ಟಕ್ಕಿಟ್ಟಿದ್ದಾನೆ. ಆತನೂ ವರ್ತನಾ ಅರ್ಥಶಾಸ್ತ್ರಿಯೇ. ಒಡವೆ ಅಂಗಡಿಯವರು ಅಕ್ಷಯ ತದಿಗೆಯ ದಿನ ಪತ್ರಿಕೆಯ ಮುಖಪುಟ ತುಂಬ ಜಾಹೀರಾತು ಹಾಕುವುದು, 499 ರೂಪಾಯಿ ಎಂದು ಚೀಟಿ ಅಂಟಿಸುವುದು, ಮೊಬೈಲಿನಲ್ಲಿ ಸಾಲಕ್ಕೆ ‘ಒಪ್ಪಿಗೆ’ ಎಂಬ ಗುಂಡಿ ದೊಡ್ಡದಾಗಿ ಹೊಳೆಯುತ್ತ, ‘ಬೇಡ’ ಎಂಬುದು ಮೂಲೆಯಲ್ಲಿ ಇರುವೆಯ ಹಾಗೆ ಇರುವುದು, ಎಲ್ಲವೂ ಮೊಣಕೈ ತಿವಿತವೇ. ಆಯ್ಕೆಯನ್ನು ಜೋಡಿಸಿಡುವವರು ಯಾರು, ಆ ಜೋಡಣೆಯಿಂದ ಅವರಿಗೇನು ಸಿಗುತ್ತದೆ? ಪುಸ್ತಕ ಈ ಪ್ರಶ್ನೆಯನ್ನು ಎತ್ತುತ್ತದೆ, ಆದರೆ ಜೋಡಿಸುವವರು ಒಳ್ಳೆಯವರಿರಲಿ ಎಂದು ಹಾರೈಸಿ ಬೇಗ ಮುಂದೆ ಹೋಗುತ್ತದೆ.

ಇನ್ನೊಂದು ಪುಸ್ತಕವಿದೆ, ಇದು ಶಾಸ್ತ್ರವಲ್ಲ, ಆದರೆ ಇವೆಲ್ಲಕ್ಕಿಂತ ಹೆಚ್ಚು ಮನೆಗಳಿಗೆ ಹೋಗಿದೆ. ರಾಬರ್ಟ್ ಕಿಯೋಸಾಕಿಯವರ ‘ರಿಚ್ ಡ್ಯಾಡ್ ಪೂರ್ ಡ್ಯಾಡ್’, 1997ರದ್ದು. ಅದರಲ್ಲಿ ಇಬ್ಬರು ಅಪ್ಪಂದಿರು. ಸ್ವಂತ ಅಪ್ಪ ಬಡ ಅಪ್ಪ, ಗೆಳೆಯನ ಅಪ್ಪ ಶ್ರೀಮಂತ ಅಪ್ಪ. ಬಡ ಅಪ್ಪ ಯಾರು ಬಲ್ಲಿರಾ? ಚೆನ್ನಾಗಿ ಓದಿದವನು, ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದವನು. ನಮ್ಮವನೇ! ಸಂಬಳ ನಂಬಿ ಬದುಕುವುದು, ಮನೆ ಕಟ್ಟುವುದು, ಪಿಂಚಣಿ ಎಣಿಸುವುದು ಬಡ ಅಪ್ಪನ ಲಕ್ಷಣ. ದುಡ್ಡನ್ನು ದುಡಿಸುವುದು ಶ್ರೀಮಂತ ಅಪ್ಪನ ಲಕ್ಷಣ. ಆಸ್ತಿ ಯಾವುದು, ಹೊರೆ ಯಾವುದು ಎಂದು ಗುರುತಿಸುವುದನ್ನು ಪುಸ್ತಕ ಸರಳವಾಗಿ ಹೇಳಿಕೊಡುತ್ತದೆ, ಆ ಮಟ್ಟಿಗೆ ಒಳ್ಳೆಯದೇ. ಆದರೆ ಆ ಶ್ರೀಮಂತ ಅಪ್ಪನ ಮಗನಿಗೆ ಅಕ್ಷರ ಕಲಿಸಿದವರು ಯಾರು? ಅವನ ಬಾಡಿಗೆ ಮನೆಗಳಲ್ಲಿ ಇದ್ದು ಬಾಡಿಗೆ ಕಟ್ಟಿದವರು ಯಾರು? ಎಲ್ಲರೂ ಬಾಡಿಗೆ ಪಡೆಯುವವರೇ ಆದರೆ ಕಟ್ಟುವವರು ಯಾರು? ಇಂಥ ಪ್ರಶ್ನೆಗಳಿಗೆ ಅಲ್ಲಿ ಜಾಗವಿಲ್ಲ. ಹದಿಹರೆಯದ ಮಕ್ಕಳು ಅದನ್ನು ಓದಿ, ದುಡಿದು ತಿನ್ನುವ ಅಪ್ಪ ಅಮ್ಮನನ್ನು ಸೋತವರಂತೆ ನೋಡಲು ಕಲಿತರೆ ಅದು ಯಾವ ಹೂಡಿಕೆಯಿಂದಲೂ ತುಂಬಿಬಾರದ ನಷ್ಟ.

ಮಕ್ಕಳ ಮಾತು ಬಂದದ್ದಕ್ಕೆ ಹೇಳುತ್ತೇನೆ. ಶಿಕ್ಷಕರ ತರಬೇತಿಗಳಲ್ಲಿ ಪದೇ ಪದೇ ಕೇಳಿದ ಕಥೆಯೊಂದಿದೆ. ವಾಲ್ಟರ್ ಮಿಶೆಲ್ ಎಂಬ ಮನಶ್ಶಾಸ್ತ್ರಜ್ಞರು 1960ರ ದಶಕದ ಕೊನೆಯಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನ ಶಿಶುವಿಹಾರದಲ್ಲಿ ಮಗುವಿನ ಮುಂದೆ ಮಾರ್ಷ್‌ಮ್ಯಾಲೋ ಎಂಬ ಮೆತ್ತನೆಯ ಮಿಠಾಯಿಯಂಥದೊಂದು ತಿಂಡಿ ಇಟ್ಟು, ನಾನು ಹೋಗಿ ಬರುವವರೆಗೆ ತಿನ್ನದಿದ್ದರೆ ಇನ್ನೊಂದು ಕೊಡುತ್ತೇನೆ ಎಂದರು. ಕಾದ ಮಕ್ಕಳು ಮುಂದೆ ಓದಿನಲ್ಲೂ ಚೆನ್ನಾದರಂತೆ. ಇದನ್ನು ಹಿಡಿದು ಜಗತ್ತಿನ ತುಂಬ ಸಂಯಮದ ಉಪದೇಶ ನಡೆಯಿತು. 2013ರಲ್ಲಿ ಸೆಲೆಸ್ಟ್ ಕಿಡ್ ಎಂಬ ಸಂಶೋಧಕಿ ಈ ಪ್ರಯೋಗದಲ್ಲಿ ಒಂದು ಬದಲಾವಣೆ ಮಾಡಿದರು. ಮೊದಲು ಕೆಲವು ಮಕ್ಕಳಿಗೆ ಒಳ್ಳೆಯ ಬಣ್ಣದ ಪೆನ್ಸಿಲು ತಂದುಕೊಡುತ್ತೇವೆಂದು ಹೇಳಿ ತಂದುಕೊಟ್ಟರು, ಇನ್ನು ಕೆಲವರಿಗೆ ಹೇಳಿ ತರಲಿಲ್ಲ. ಆಮೇಲೆ ಮಿಠಾಯಿ ಇಟ್ಟರು. ಮಾತು ತಪ್ಪಿಸಿಕೊಂಡ ಮಕ್ಕಳು ಬಹಳ ಹೊತ್ತು ಕಾಯಲಿಲ್ಲ. ಯಾಕೆ ಕಾಯಬೇಕು ಹೇಳಿ? 2018ರಲ್ಲಿ ಇನ್ನೂ ಹೆಚ್ಚು ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ, ಮನೆಯ ಸ್ಥಿತಿಗತಿಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಕಾಯುವಿಕೆಯ ಮಹಿಮೆ ಬಹುಪಾಲು ಇಳಿದುಹೋಯಿತು. ನಾಳೆ ಕೊಡುತ್ತೇನೆ ಎಂದವರು ನಾಳೆ ಕೊಡದ ಮನೆಯಲ್ಲಿ ಬೆಳೆದ ಮಗು ಇವತ್ತೇ ತಿಂದರೆ ಅದು ಬುದ್ಧಿವಂತ ಮಗು. ಬಡವರ ದುಡ್ಡಿನ ನಡವಳಿಕೆಗೂ ಇದೇ ಮಾತು ಹೊಂದುತ್ತದೆ.

ಇದನ್ನು ಅರ್ಥ ಮಾಡಿಕೊಂಡು ಬರೆದ ಎರಡು ಪುಸ್ತಕಗಳಿವೆ, ಅವನ್ನು ನಾನು ಗೌರವದಿಂದ ಓದಿದ್ದೇನೆ. ಒಂದು, ಸೆಂಧಿಲ್ ಮುಲ್ಲೈನಾಥನ್ ಮತ್ತು ಎಲ್ಡಾರ್ ಶಫೀರ್ ಅವರ ‘ಸ್ಕೇರ್ಸಿಟಿ’, 2013ರದ್ದು. ಮುಲ್ಲೈನಾಥನ್ ಮೂಲತಃ ತಮಿಳುನಾಡಿನವರು. ಅವರೂ ಜೊತೆಗಾರರೂ ತಮಿಳುನಾಡಿನ 54 ಹಳ್ಳಿಗಳ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮುಂಚೆ ಒಮ್ಮೆ, ಕಬ್ಬಿನ ಹಣ ಕೈಗೆ ಬಂದ ಮೇಲೆ ಒಮ್ಮೆ ಪರೀಕ್ಷಿಸಿದರು. ಅದೇ ಮನುಷ್ಯ, ಅದೇ ತಲೆ. ಹಣ ಬಂದ ಮೇಲೆ ಬುದ್ಧಿಯ ಪರೀಕ್ಷೆಯಲ್ಲಿ ಹೆಚ್ಚು ಅಂಕ. ಅಂದರೆ ದಡ್ಡತನದಿಂದ ಬಡತನವಲ್ಲ, ಬಡತನವೇ ತಲೆಯಲ್ಲಿ ಜಾಗ ಹಿಡಿದು ಕುಳಿತುಬಿಡುತ್ತದೆ. ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಹಾಕುವ ನಮ್ಮ ಕಡೆಯ ರೈತರ ಮನೆಯ ಹೆಂಗಸರಿಗೆ ಇದು ಪುಸ್ತಕ ಓದದೆ ಗೊತ್ತು. ಅಮೆರಿಕದಲ್ಲಿ ಸಂಬಳದ ದಿನದ ಹಿಂದುಮುಂದೆ ಇಂಥದೇ ಪರೀಕ್ಷೆ ಮಾಡಿದವರಿಗೆ ಅಂಥ ವ್ಯತ್ಯಾಸ ಕಾಣಲಿಲ್ಲವೆಂದು 2016ರಲ್ಲಿ ವರದಿಯಾಯಿತು. ಅದರಿಂದ ನನಗೇನೂ ಆಶ್ಚರ್ಯವಾಗಲಿಲ್ಲ. ತಪ್ಪದೆ ಬರುವ ಸಂಬಳಕ್ಕೆ ಕಾಯುವುದೂ, ವರ್ಷಕ್ಕೊಮ್ಮೆ ಬರುವ, ಬರದೆಯೂ ಇರಬಹುದಾದ ಕಬ್ಬಿನ ಬಿಲ್ಲಿಗೆ ಕಾಯುವುದೂ ಒಂದೇ ಅಲ್ಲವಲ್ಲ.

ಇನ್ನೊಂದು, ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೋ ಅವರ ‘ಪೂರ್ ಎಕನಾಮಿಕ್ಸ್’, 2011ರದ್ದು. 2019ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ಇಬ್ಬರು ಇವರು. ರಾಜಸ್ಥಾನದ ಉದಯಪುರದ ಹಳ್ಳಿಗಳಲ್ಲಿ ನಡೆದ ಪ್ರಯೋಗವೊಂದು ಅಲ್ಲಿದೆ. ಮಕ್ಕಳಿಗೆ ಎಲ್ಲ ಲಸಿಕೆ ಹಾಕಿಸುವವರು ನೂರಕ್ಕೆ ಆರು ಮಂದಿ ಇದ್ದರು. ಊರಿಗೇ ಶಿಬಿರ ತಂದಾಗ ಹದಿನೇಳಾಯಿತು. ಪ್ರತಿ ಲಸಿಕೆಗೂ ಒಂದು ಕಿಲೋ ಬೇಳೆ, ಎಲ್ಲ ಮುಗಿದ ಮೇಲೆ ಊಟದ ತಟ್ಟೆಗಳು ಎಂದಾಗ ಮೂವತ್ತೆಂಟಾಯಿತು. ಇದನ್ನು ಓದುವಾಗ ನನಗೆ ನಮ್ಮ ಅಕ್ಷರ ದಾಸೋಹ ನೆನಪಾಯಿತು. ಬಿಸಿಯೂಟ ಬಂದ ಮೇಲೆ ಮಕ್ಕಳು ಶಾಲೆಗೆ ಬರುವುದು ಹೆಚ್ಚಿದ್ದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಇದಕ್ಕೂ ಮೊಣಕೈ ತಿವಿತ ಎಂದು ಹೆಸರಿಟ್ಟರೆ ನನಗೆ ಸಮಾಧಾನವಿಲ್ಲ. ಹಸಿದ ಮಗುವಿಗೆ ಅನ್ನವೆಂದರೆ ಅನ್ನವೇ. ಆಸೆ ತೋರಿಸಿದ್ದಲ್ಲ.

ಈ ಎರಡೂ ಪುಸ್ತಕಗಳಲ್ಲಿ ಚೆನ್ನೈನ ತಳ್ಳುಗಾಡಿ ವ್ಯಾಪಾರದ ಹೆಂಗಸರು ಬರುತ್ತಾರೆ. ಬೆಳಗ್ಗೆ ಸಾವಿರ ರೂಪಾಯಿಯ ಮಾಲನ್ನು ಸಾಲಕ್ಕೆ ತಂದು, ಮಾರಿ, ದಿನಕ್ಕೆ ನೂರಕ್ಕೆ ಐದರ ಹತ್ತಿರ ಹತ್ತಿರ ಬಡ್ಡಿ ಸೇರಿಸಿ ತೀರಿಸುತ್ತಾರೆ. ದಿನಕ್ಕೆ, ತಿಂಗಳಿಗಲ್ಲ! ಮೂರು ದಿನ ಎರಡೆರಡು ಲೋಟ ಟೀ ಬಿಟ್ಟು, ದಿನಕ್ಕೆ ಐದು ರೂಪಾಯಿಯಂತೆ ಉಳಿಸಿ, ಅಷ್ಟು ಕಡಿಮೆ ಸಾಲ ತಂದು, ಉಳಿದ ಬಡ್ಡಿಯನ್ನೂ ಮತ್ತೆ ಬಂಡವಾಳಕ್ಕೇ ಹಾಕುತ್ತ ಹೋದರೆ 90 ದಿನಗಳಲ್ಲಿ ಸಾಲವೇ ಬೇಡವಾಗುತ್ತದೆ ಎಂದು ಬ್ಯಾನರ್ಜಿ ದಂಪತಿ ಲೆಕ್ಕ ತೋರಿಸುತ್ತಾರೆ. ಲೆಕ್ಕ ಸರಿಯಿದೆ, ನಾನು ಹಾಕಿ ನೋಡಿದ್ದೇನೆ. ಆದರೆ ಆ 90 ದಿನಗಳಲ್ಲಿ ಒಂದು ದಿನವೂ ಮಗುವಿಗೆ ಜ್ವರ ಬರಬಾರದು, ಮಳೆ ಬಂದು ಹಣ್ಣು ಕೊಳೆಯಬಾರದು, ನಾದಿನಿಯ ಸೀಮಂತ ಇರಬಾರದು. ಮುಲ್ಲೈನಾಥನ್ನರು ಇದನ್ನೂ ಬಲ್ಲರು. ಇಂಥ ವ್ಯಾಪಾರಿಗಳಲ್ಲಿ ಕೆಲವರ ಸಾಲವನ್ನು ಪೂರ್ತಿ ತೀರಿಸಿಯೇ ನೋಡಿದರು. ವರ್ಷ ತುಂಬುವುದರೊಳಗೆ ಒಬ್ಬೊಬ್ಬರಾಗಿ ಮತ್ತೆ ಸಾಲಕ್ಕೇ ಬಿದ್ದರು. ಏನಾದರೊಂದು ಆಪತ್ತು ಬಂದೇ ಬರುತ್ತದೆ, ಅದನ್ನು ತಡೆದುಕೊಳ್ಳಲು ನಾಲ್ಕು ಕಾಸು ಮಿಗತೆ ಇರುವುದಿಲ್ಲ ಎಂದು ಅವರು ಬರೆಯುತ್ತಾರೆ. ಇಷ್ಟು ಪ್ರಾಮಾಣಿಕವಾಗಿ ಬರೆದವರನ್ನೂ ಒಂದು ಮಾತು ಕೇಳಬೇಕೆನಿಸುತ್ತದೆ. ದಿನಕ್ಕೆ ಐದರಂತೆ ಬಡ್ಡಿ ತೆಗೆದುಕೊಳ್ಳುವವನ ತಲೆಯೊಳಗೆ ಏನಿದೆ, ಅವನಿಗೆ ಯಾಕೆ ಪ್ರಯೋಗವಿಲ್ಲ? ಸಾಲ ತರುವವಳ ಮನಸ್ಸಿಗೆ ನೂರು ಪುಟ, ಸಾಲ ಕೊಡುವವನ ಮನಸ್ಸಿಗೆ ನಾಲ್ಕು ಪುಟವೆಂದರೆ ಲೆಕ್ಕ ತಪ್ಪುವುದಿಲ್ಲವೇ?

ಇದು ಪುಸ್ತಕದ ತಕರಾರಾಗಿ ಉಳಿದಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ಈ ವಿದ್ಯೆಯ ಒಳಿತು ಕೆಡುಕು ಎರಡನ್ನೂ ನಮ್ಮ ಕಡೆಯ ಹೆಂಗಸರು ಮೈಮೇಲೆ ಅನುಭವಿಸಿದ್ದಾರೆ. ನಮ್ಮ ಕೊಳ್ಳೇಗಾಲದ ಕಡೆಗೂ ಪರಿಚಿತವಾದ ಮೈರಾಡ ಸಂಸ್ಥೆ ಕಟ್ಟಿದ್ದ ದೊಡ್ಡ ಸಹಕಾರ ಸಂಘಗಳು 1984-85ರ ಸುಮಾರಿಗೆ ಒಡೆದಾಗ, ಒಬ್ಬರನ್ನೊಬ್ಬರು ಬಲ್ಲ ಜನ ಸಣ್ಣ ಸಣ್ಣ ಗುಂಪುಗಳಾಗಿ ಕುಳಿತು ತಮ್ಮದೇ ಉಳಿತಾಯದಿಂದ ಸಾಲ ಕೊಟ್ಟುಕೊಳ್ಳಲು ಆರಂಭಿಸಿದರು. ಸ್ವಸಹಾಯ ಸಂಘ ಹುಟ್ಟಿದ್ದು ಹಾಗೆ. 1992ರಲ್ಲಿ ನಬಾರ್ಡ್ ಇಂಥ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕೆಲಸ ಶುರುಮಾಡಿತು. 2000ದಲ್ಲಿ ಸ್ತ್ರೀಶಕ್ತಿ ಸಂಘಗಳು ಬಂದವು. ವಾರಕ್ಕೆ ಹತ್ತು ರೂಪಾಯಿ ಕಟ್ಟಲೇಬೇಕು, ಕಟ್ಟದಿದ್ದರೆ ಹತ್ತು ಜನರ ಮುಂದೆ ತಲೆ ತಗ್ಗಿಸಬೇಕು. ಆ ಸಣ್ಣ ನಾಚಿಕೆಯೇ ಉಳಿತಾಯಕ್ಕೆ ಬೇಲಿಯಾಯಿತು. ಬಡ್ಡಿ ಬಂದರೆ ಸಂಘಕ್ಕೇ ಬಂತು. ಯಾರಿಗೆ ಮೊದಲು ಸಾಲ ಕೊಡಬೇಕೆಂದು ಅವರೇ ಕುಳಿತು ಜಗಳವಾಡಿ ತೀರ್ಮಾನಿಸಿದರು. ಯಾವ ಪ್ರಾಧ್ಯಾಪಕರೂ ಹೇಳಿಕೊಡದೆ ಮನುಷ್ಯ ಸ್ವಭಾವವನ್ನು ಒಳಿತಿಗೆ ಬಳಸಿಕೊಂಡ ಕೆಲಸ ಇದು.

ಅದೇ ನಾಚಿಕೆಯನ್ನು ಹೊರಗಿನವರು ಎರವಲು ಪಡೆದಾಗ ಏನಾಯಿತೆಂಬುದೂ ನಮಗೆ ಗೊತ್ತು. ಅದೇ ಗುಂಪು, ಅದೇ ವಾರದ ಸಭೆ, ಅದೇ ಒಬ್ಬರಿಗೊಬ್ಬರು ಜಾಮೀನು. ಆದರೆ ದುಡ್ಡು ಹೊರಗಿನದು, ಬಡ್ಡಿ ಹೊರಗೆ ಹೋಗುವುದು, ನಿಯಮ ಬರೆದವರು ಎಲ್ಲೋ ದೂರದಲ್ಲಿರುವವರು. ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು, ಆದ್ದರಿಂದ ಉಳಿದವರೇ ಅವಳ ಮನೆಯ ಮುಂದೆ ಕೂರುತ್ತಾರೆ. ವಸೂಲಿಗೆ ಆಳೇ ಬೇಕಿಲ್ಲ, ಅಕ್ಕಪಕ್ಕದ ಮನೆಯವರೇ ಸಾಕು. 2009ರಲ್ಲಿ ಕೋಲಾರ, ರಾಮನಗರಗಳಲ್ಲಿ, 2010ರಲ್ಲಿ ಆಂಧ್ರಪ್ರದೇಶದಲ್ಲಿ ಇದರ ಗಾಯ ಒಡೆದು ಕಂಡಿತು. 2022ರಲ್ಲಿ ರಿಸರ್ವ್ ಬ್ಯಾಂಕು ನಿಯಮ ತಂದು, ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಕೂಡದು ಎಂದಿತು. 2025ರ ಜನವರಿಯಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯಲ್ಲೇ ಸಾಲದ ಕಾಟಕ್ಕೆ ಹೆದರಿ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಪತ್ರಿಕೆಗಳಲ್ಲಿ ಬಂತು. ಆ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆ ತಂದಿತು. ತಪ್ಪಿತಸ್ಥರಿಗೆ ಹತ್ತು ವರ್ಷಗಳವರೆಗೆ ಸೆರೆ, ಐದು ಲಕ್ಷ ರೂಪಾಯಿಯವರೆಗೆ ದಂಡ.

ನಾನು ಕಂಡದ್ದು ಇಷ್ಟು ದೊಡ್ಡದಲ್ಲ. ನನ್ನ ತರಗತಿಯ ಒಬ್ಬ ಹುಡುಗ ವಾರಕ್ಕೊಂದು ದಿನ ತಪ್ಪದೆ ಗೈರುಹಾಜರಾಗುತ್ತಿದ್ದ. ವಿಚಾರಿಸಿದರೆ, ಅದು ಕಂತಿನ ದಿನ. ಅವನ ತಾಯಿಗೆ ನಾಲ್ಕು ಕಡೆ ಗುಂಪು ಸಾಲವಿತ್ತು, ಒಂದರ ಕಂತು ಕಟ್ಟಲು ಇನ್ನೊಂದು. ಕಂತು ಹೊಂದದ ದಿನ ಹುಡುಗ ಬಾಗಿಲಲ್ಲಿ ನಿಂತು, ಅವ್ವ ಇಲ್ಲ ಎಂದು ಹೇಳಬೇಕಿತ್ತು. ಅವ್ವ ಹಿತ್ತಲಲ್ಲಿ ಇರುತ್ತಿದ್ದಳು. ಸುಳ್ಳು ಹೇಳಬಾರದು ಎಂದು ನಾನು ಪಾಠ ಮಾಡುವ ಶಾಲೆಗೆ, ಸುಳ್ಳು ಹೇಳುವ ಕೆಲಸವಿದ್ದ ದಿನ ಅವನು ಬರುತ್ತಿರಲಿಲ್ಲ. ಆ ತಾಯಿಯ ಲೆಕ್ಕದಲ್ಲಿ ತಪ್ಪು ಹುಡುಕಬಹುದು. ಆದರೆ ಮೂರು ಸಾಲ ಇರುವವಳಿಗೆ ನಾಲ್ಕನೆಯದನ್ನು ಮನೆ ಬಾಗಿಲಿಗೆ ತಂದುಕೊಟ್ಟವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಅವರು ಚೆನ್ನಾಗಿ ಲೆಕ್ಕ ಹಾಕಿಯೇ ಕೊಟ್ಟದ್ದು. ಹೆಂಗಸರು ಮಾನಕ್ಕೆ ಅಂಜುತ್ತಾರೆ, ಹೇಗಾದರೂ ಕಟ್ಟುತ್ತಾರೆ ಎಂಬ ಲೆಕ್ಕ. ಈ ಪುಸ್ತಕಗಳನ್ನು ಓದದೆಯೇ ಪುಸ್ತಕದ ಪಾಠ ಅವರಿಗೆ ಬರುತ್ತಿತ್ತು.

ಆದ್ದರಿಂದ ಈ ಪುಸ್ತಕಗಳನ್ನು ನಾವು ಓದಬೇಕು ಎಂದೇ ನಾನು ಹೇಳುತ್ತೇನೆ. ನಮ್ಮನ್ನು ತಿದ್ದಿಕೊಳ್ಳಲು ಅಷ್ಟೇ ಅಲ್ಲ, ನಮ್ಮನ್ನು ಯಾರು ಹೇಗೆ ಓದುತ್ತಿದ್ದಾರೆ ಎಂದು ತಿಳಿಯಲು. ಸಮಯ ಕಡಿಮೆಯಿದ್ದರೆ ‘ಪೂರ್ ಎಕನಾಮಿಕ್ಸ್’, ‘ಸ್ಕೇರ್ಸಿಟಿ’ ಎರಡೇ ಸಾಕು. ಕಾಹ್ನೆಮನ್ನರದ್ದು ದಪ್ಪ ಪುಸ್ತಕ, ರಜೆಯಲ್ಲಿ ಓದಿ. ಶ್ರೀಮಂತ ಅಪ್ಪನನ್ನು ಯಾರಿಂದಲಾದರೂ ಎರವಲು ತಂದು, ಓದಿ, ಜೋಪಾನವಾಗಿ ಹಿಂತಿರುಗಿಸಿ. ಇಂಗ್ಲಿಷ್ ತೊಡಕಾದರೆ ಮನೆಯ ಮಕ್ಕಳನ್ನು ಕೂರಿಸಿಕೊಂಡು ಓದಿಸಿ ಕೇಳಿ, ಅವರಿಗೂ ಒಳ್ಳೆಯದು. ಯಾವುದನ್ನು ಓದುವಾಗಲೂ ಒಂದು ಪ್ರಶ್ನೆ ಕೈಯಲ್ಲಿರಲಿ. ತಪ್ಪು ಮಾಡಿದವಳ ತಲೆಯ ಬಗ್ಗೆ ಇಷ್ಟು ಬರೆದಿದ್ದಾರೆ, ಆ ತಪ್ಪಿನಿಂದ ಲಾಭ ಪಡೆದವರ ಬಗ್ಗೆ ಎಷ್ಟು ಬರೆದಿದ್ದಾರೆ?

ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆಲ್ಲ ಗೊತ್ತಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದ ಮನೆ. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇಂದಿಗೆ ಬೇಕಾದಷ್ಟು ಉಳಿಸಿ ಮಿಕ್ಕದ್ದನ್ನು ಅಲ್ಲೇ ಸುರಿದು ಬನ್ನಿ ಎಂದಳಂತೆ. ಅವಳಂತೆ ಬದುಕುವುದು ನನ್ನಿಂದಾಗದು, ನಿಮ್ಮಿಂದಲೂ ಆಗಲಿಕ್ಕಿಲ್ಲ. ಮಗಳ ಫೀಸು, ಮನೆಯ ಬಾಡಿಗೆ, ಔಷಧಿ ಎಲ್ಲವೂ ನಮಗೆ ಇವೆ. ಆದರೆ ಎಷ್ಟು ಬೇಕು ಎಂಬ ಪ್ರಶ್ನೆಯನ್ನು ಅವಳು ಕೇಳಿದ್ದು ಮನೆಗೆ ಅಕ್ಕಿ ತರುವವನನ್ನು, ಹಸಿದವನನ್ನಲ್ಲ. ಈ ಮೇಲ್ತಟ್ಟಿನ ಅಷ್ಟು ಪುಸ್ತಕಗಳಲ್ಲಿ ಆ ಪ್ರಶ್ನೆಯನ್ನು ಸಾಲ ಕೊಡುವವರಿಗೆ, ಮಾರುವವರಿಗೆ ಕೇಳುವ ಒಂದು ಅಧ್ಯಾಯ ನನಗೆ ಇನ್ನೂ ಸಿಕ್ಕಿಲ್ಲ. ಯಾರಾದರೂ ಬರೆದರೆ ಅದನ್ನು ನಾನು ಹಬ್ಬಕ್ಕೆ ಕಾಯದೆ ಕೊಂಡು ತರುತ್ತೇನೆ, ಸಾಸಿವೆ ಡಬ್ಬಿಯ ದುಡ್ಡಿನಿಂದಲೇ.